ಅಪ್ಪನ್ನ ಕಳ್ಕೊಂಡ ಹುಡುಗ ಕ್ಲಾಸಿಗೆ ವಾಪಸ್ ಬಂದಿದ್ದಾನೆ, ಟೀಚರ್ ಆಗಿ ನಾನೇನು ಮಾಡ್ಲಿ?

ಡೊಂಬಿವಲಿ ಟೀಚರ್:

ಎಲ್ಲರಿಗೂ ನಮಸ್ಕಾರ. ಡೊಂಬಿವಲಿ ಕಡೆ ಒಂದು ಇಂಗ್ಲಿಷ್ ಮೀಡಿಯಂ ಸ್ಕೂಲಲ್ಲಿ ಮೂರನೇ ಕ್ಲಾಸಿನ ಕ್ಲಾಸ್ ಟೀಚರ್ ನಾನು. ಒಂದು ವಿಷಯ ಕೇಳ್ಬೇಕಿತ್ತು, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ.

ನನ್ನ ಕ್ಲಾಸಲ್ಲಿ ಎಂಟು ವರ್ಷದ ಹುಡುಗ ಒಬ್ಬ ಇದ್ದಾನೆ, ನಮ್ಮ ಕನ್ನಡದವರೇ. ಜೂನ್ ಕೊನೇಲಿ ಅವನ ತಂದೆ ತೀರ್ಕೊಂಡ್ರು, ಹಾರ್ಟ್ ಅಟ್ಯಾಕ್, ಅವರಿಗೆ ನಲವತ್ತೂ ತುಂಬಿರ್ಲಿಲ್ಲ. ಹೋಟೆಲ್ ಲೈನಲ್ಲಿದ್ದವರು, ಬೆಳಿಗ್ಗೆ ಐದಕ್ಕೆ ಶಟರ್ ತೆಗೆಯೋಕೆ ಅಂತ ಹೋದವರು ಮನೆಗೆ ವಾಪಸ್ ಬರ್ಲೇ ಇಲ್ಲ. ಕಾರ್ಯ ಎಲ್ಲ ಊರಲ್ಲೇ ಆಯ್ತು, ಕುಂದಾಪುರದ ಹತ್ರ. ಕ್ರಿಯೆಗೆ ಕೂತಿದ್ದು ಇವನೇ, ತಲೆ ಬೋಳಿಸಿದ್ದಾರೆ. ಉತ್ತರಕ್ರಿಯೆ ಮುಗಿಸಿ ಬಂದು ಹೋದ ವಾರದಿಂದ ಸ್ಕೂಲಿಗೆ ಬರ್ತಿದ್ದಾನೆ.

ನನಗೆ ಅರ್ಥ ಆಗ್ತಿಲ್ಲದ್ದು ಏನಂದ್ರೆ, ಹುಡುಗ ಏನೂ ಆಗೇ ಇಲ್ಲ ಅನ್ನೋ ಹಾಗಿದ್ದಾನೆ. ರಿಸೆಸಲ್ಲಿ ಆಡ್ತಾನೆ, ನಗ್ತಾನೆ, ಹೋಮ್‌ವರ್ಕ್ ಕೂಡ ತರ್ತಾನೆ. ಆದ್ರೆ ಮೊನ್ನೆ ಪಿಟಿ ಪೀರಿಯಡಲ್ಲಿ ಯಾರೋ ಅವನ ಟೋಪಿ ಎಳೆದು ಟಕಲಾ ಟಕಲಾ ಅಂದ್ರಂತೆ, ಇವನು ಆ ಹುಡುಗನ್ನ ಕೆಳಗೆ ಕೆಡವಿ ಹೊಡೆದಿದ್ದಾನೆ, ಬಿಡಿಸೋಕೆ ಪಿಟಿ ಸರ್ ಬರ್ಬೇಕಾಯ್ತು. ಸಂಜೆ ಅವನ ಅಮ್ಮ ಗೇಟ್ ಹತ್ರ ನನ್ನ ಕೈ ಹಿಡ್ಕೊಂಡು ಕೇಳಿದ್ರು, ಟೀಚರ್ ಇವನು ಇಷ್ಟು ದಿನ ಆದ್ರೂ ಒಂದು ಸಲನೂ ಅತ್ತಿಲ್ಲ, ಇವನಿಗೇನಾದ್ರೂ ತೊಂದ್ರೆ ಇದೆಯಾ ಅಂತ. ನನಗೆ ಉತ್ತರ ಗೊತ್ತಿರ್ಲಿಲ್ಲ.

ಇನ್ನೊಂದು ವಿಷಯ. ಇವನ ತಂಗಿ ನಮ್ಮಲ್ಲೇ ಜೂನಿಯರ್ ಕೇಜಿಲಿ ಇದ್ದಾಳೆ. ಅವಳಿಗೆ ಹೇಳಿಲ್ಲ. ಠಾಣೆಲಿ ಚಿಕ್ಕಮ್ಮನ ಮನೇಲಿ ಬಿಟ್ಟು ಊರಿಗೆ ಹೋಗಿದ್ರು, ಈಗ ಪಪ್ಪ ಊರಲ್ಲಿದ್ದಾರೆ, ಕೆಲಸ ಇದೆ, ಆಮೇಲೆ ಬರ್ತಾರೆ ಅಂತ ಹೇಳಿಟ್ಟಿದ್ದಾರೆ. ಅಣ್ಣನಿಗೂ ತಂಗಿ ಮುಂದೆ ಬಾಯಿ ಬಿಡ್ಬೇಡ ಅಂದಿದ್ದಾರೆ. ಆ ಮಗು ಕೇಜಿ ಟೀಚರ್ ಹತ್ರ, ನಮ್ಮ ಪಪ್ಪ ಮತ್ಸ್ಯಗಂಧಾ ರೈಲಲ್ಲಿ ಬರ್ತಾರೆ, ಬರುವಾಗ ನನಗೆ ಹಲಸಿನ ಹಪ್ಪಳ ತರ್ತಾರೆ ಅಂತ ಹೇಳ್ತಿರತ್ತೆ. ಕೇಜಿ ಟೀಚರ್ ಏನು ಹೇಳ್ಬೇಕು ಗೊತ್ತಾಗ್ದೆ ನನ್ನ ಹತ್ರ ಬಂದು ಅಳ್ತಾರೆ.

ನಮ್ಮ ಸ್ಕೂಲಲ್ಲಿ ಕೌನ್ಸೆಲರ್ ಇಲ್ಲ. ಬಿಎಡ್‌ನಲ್ಲಿ ದುಃಖಕ್ಕೆ ಐದು ಹಂತ ಅಂತ ಏನೋ ಓದಿದ ನೆನಪು, ಅದು ಈ ಹುಡುಗನಿಗೆ ಎಲ್ಲೂ ಹೊಂದ್ತಿಲ್ಲ. ಮಗುವಿಗೆ ಏನು ಮಾಡ್ಬೇಕು, ಆ ತಾಯಿಗೆ ಏನು ಹೇಳ್ಬೇಕು, ಅನುಭವ ಇರೋರು ತಿಳಿಸಿ.


ಮಾಟುಂಗಾ ಮೇಡಂ:

ಟೀಚರ್, ನಾನು ರಿಟೈರ್ ಆದವಳು. ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲೂ ಕಲಿಸಿದ್ದೀನಿ, ಅದಕ್ಕೆ ಮುಂಚೆ ಫೋರ್ಟ್ ಕಡೆ ರಾತ್ರಿ ಶಾಲೆಯಲ್ಲೂ ಕಲಿಸಿದ್ದೀನಿ. ಮೊದಲು ಟೋಪಿ ವಿಷಯ ಹೇಳ್ತೀನಿ, ಯಾಕಂದ್ರೆ ನಾಳೆ ಬೆಳಿಗ್ಗೆನೇ ನೀವು ಮಾಡ್ಬಹುದಾದ ಕೆಲಸ ಅದು.

ಹುಡುಗನ್ನ ಒಬ್ಬನ್ನೇ ಕರೆದು ಕೇಳಿ, ನಿನ್ನ ಪಪ್ಪ ತೀರ್ಕೊಂಡ ವಿಷಯ ಕ್ಲಾಸಿಗೆ ನಾನು ಹೇಳ್ಲಾ, ಹೇಳುವಾಗ ನೀನು ಇಲ್ಲೇ ಇರ್ತೀಯಾ ಇಲ್ಲ ಲೈಬ್ರರಿಗೆ ಹೋಗಿರ್ತೀಯಾ ಅಂತ. ಅವನು ಏನು ಹೇಳ್ತಾನೋ ಹಾಗೆ ಮಾಡಿ. ಆಮೇಲೆ ಕ್ಲಾಸಿಗೆ ನೇರವಾಗಿ ಹೇಳಿ, ಇವನ ಪಪ್ಪ ತೀರ್ಕೊಂಡಿದ್ದಾರೆ, ಇವನ ಮನೇಲಿ ಎಲ್ಲರಿಗೂ ದುಃಖ ಆಗಿದೆ, ಅಪ್ಪನಿಗೋಸ್ಕರ ಮಗ ತಲೆ ಕೂದಲು ತೆಗೆಸೋದು ನಮ್ಮ ಪದ್ಧತಿ, ಅದನ್ನ ನೋಡಿ ಯಾರೂ ನಗೋ ಹಾಗಿಲ್ಲ. ಮಹಾರಾಷ್ಟ್ರದಲ್ಲೂ ಎಷ್ಟೋ ಮನೆಗಳಲ್ಲಿ ಇದೇ ಪದ್ಧತಿ ಇದೆ, ಹೇಳಿದ್ರೆ ಮಕ್ಕಳಿಗೆ ತಕ್ಷಣ ಅರ್ಥ ಆಗತ್ತೆ, ಹೇಳದೇ ಇದ್ರೆ ಟಕಲಾ ಅಂತಾನೇ ಇರ್ತಾರೆ. ಹೇಳಿದ ಮೇಲೆ ಒಂದಿಬ್ಬರು ಮಕ್ಕಳು ಖಂಡಿತ ಕೇಳ್ತಾರೆ, ನಮ್ಮ ಪಪ್ಪನೂ ಸಾಯ್ತಾರಾ ಅಂತ. ಬಾಯಿ ಮುಚ್ಚಿಸ್ಬೇಡಿ. ತುಂಬ ಜನ ವಯಸ್ಸಾಗೋವರೆಗೂ ಇರ್ತಾರೆ, ಕೆಲವರಿಗೆ ಮಾತ್ರ ಬೇಗ ಹೀಗಾಗತ್ತೆ ಅಂತ ಹೇಳಿ, ಸಾಕು. ಪಿಟಿ ಸರ್, ಡ್ರಾಯಿಂಗ್ ಟೀಚರ್, ಆಯಾ, ವ್ಯಾನ್ ಓಡಿಸೋರು, ಎಲ್ಲರಿಗೂ ವಿಷಯ ಗೊತ್ತಿರ್ಬೇಕು. ಇಲ್ಲಾಂದ್ರೆ ಗೊತ್ತಿಲ್ಲದ ಯಾರೋ ಒಬ್ಬರು ಇನ್ನೊಂದು ಸಲ ತಪ್ಪಾದ್ರೆ ನಿಮ್ಮಪ್ಪನ್ನ ಕರ್ಕೊಂಡು ಬಾ ಅಂದ್ಬಿಡ್ತಾರೆ.

ಹೊಡೆದಿದ್ದಕ್ಕೆ ಬೇರೆ ಮಕ್ಕಳಿಗೆ ಏನು ಹೇಳ್ತೀರೋ ಇವನಿಗೂ ಅದನ್ನೇ ಹೇಳಿ, ಹೊಡೆಯೋ ಹಾಗಿಲ್ಲ ಅಂತ. ಆದ್ರೆ ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿ, ಎಲ್ಲರ ಮುಂದೆ ಬೇಡ. ಪಾಪ ಅಪ್ಪ ಇಲ್ಲ ಅಂತ ಎಲ್ಲದನ್ನೂ ಮಾಫಿ ಮಾಡಿದ್ರೆ ಅವನಿಗೆ ತಾನು ಬೇರೆ ಥರ ಆಗ್ಬಿಟ್ಟೆ ಅಂತ ಇನ್ನೂ ಹೆದರಿಕೆ ಆಗತ್ತೆ. ಮತ್ತೆ ನಿಮ್ಮಿಬ್ಬರ ನಡುವೆ ಒಂದು ಗುರುತು ಇಟ್ಕೊಳ್ಳಿ. ನಾನು ಒಬ್ಬ ಹುಡುಗಿಗೆ ಹೇಳಿದ್ದೆ, ನಿನ್ನ ಕೆಂಪು ಪೆನ್ಸಿಲ್ ಡೆಸ್ಕಿನ ಈ ಮೂಲೇಲಿ ಇಟ್ರೆ ನನಗೆ ಗೊತ್ತಾಗತ್ತೆ, ಕೇಳದೇ ಎದ್ದು ಹೋಗಿ ಮುಖ ತೊಳ್ಕೊಂಡು ಬಾ, ನಾನು ಏನೂ ಕೇಳಲ್ಲ ಅಂತ. ಕೆಲವು ದಿನ ಎರಡು ಮೂರು ಸಲ ಹೋಗ್ತಿದ್ಲು, ಆಮೇಲೆ ಅದು ತಾನಾಗೇ ಕಮ್ಮಿ ಆಯ್ತು.

ರಾತ್ರಿ ಶಾಲೆ ಹುಡುಗರ ಕಥೆ ಒಂದು ಹೇಳ್ತೀನಿ. ಹದಿಮೂರು ಹದಿನಾಲ್ಕು ವರ್ಷದ ಹುಡುಗರು, ಊರಿಂದ ಒಬ್ಬೊಬ್ಬರೇ ಬಂದು ಹಗಲು ಹೋಟೆಲಲ್ಲಿ ಕೆಲಸ ಮಾಡ್ತಿದ್ದೋರು. ಕೊಂಕಣ ರೈಲು ಪೂರ್ತಿ ಶುರುವಾಗಿದ್ದೇ 1998ರಲ್ಲಿ, ಅದಕ್ಕೆ ಮುಂಚೆ ತಾಯಿ ಹೋದ್ರು ಅಂತ ಟೆಲಿಗ್ರಾಮ್ ಬಂದ್ರೂ ಬಸ್ಸಲ್ಲಿ ಹೋಗಿ ಮುಟ್ಟೋ ಹೊತ್ತಿಗೆ ಎಲ್ಲ ಮುಗಿದಿರ್ತಿತ್ತು, ಎಷ್ಟೋ ಹುಡುಗರು ಹೋಗ್ತಾನೇ ಇರ್ಲಿಲ್ಲ. ಅಂಥವರು ಅವತ್ತು ರಾತ್ರಿನೂ ಕ್ಲಾಸಿಗೆ ಬರ್ತಿದ್ರು. ರೂಮಿಗೆ ಹೋಗಿ ಮಲ್ಕೋ ಅಂತ ನಾವು ಯಾರೂ ಹೇಳ್ತಿರ್ಲಿಲ್ಲ, ಯಾಕಂದ್ರೆ ಅವರಿಗೆ ಬೇಕಿದ್ದಿದ್ದು ಅದೇ ಬೆಂಚು, ಅದೇ ಹಾಜರಿ, ಅದೇ ಮಗ್ಗಿ. ನಿಮ್ಮ ಹುಡುಗ ಹೋಮ್‌ವರ್ಕ್ ತರ್ತಿದ್ದಾನೆ ಅಂದ್ರಲ್ಲ, ತಗೊಳ್ಳಿ, ತಿದ್ದಿ, ಸಹಿ ಹಾಕಿ ಕೊಡಿ. ಅದಕ್ಕಿಂತ ದೊಡ್ಡ ಸಮಾಧಾನ ಈಗ ಅವನಿಗೆ ನೀವು ಕೊಡೋಕಾಗಲ್ಲ.


ಪುಣೆ ಕೌನ್ಸೆಲರ್:

ನಾನು ಪುಣೆಲಿ ಮಕ್ಕಳ ಜೊತೆ ಕೆಲಸ ಮಾಡ್ತೀನಿ. ಮಾಟುಂಗಾ ಮೇಡಂ ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ನಾನು ತಂಗಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಹುಡುಗ ಯಾಕೆ ಅಳ್ತಿಲ್ಲ ಅನ್ನೋದಕ್ಕೆ ಉತ್ತರ ಬಹುಶಃ ಅಲ್ಲೇ ಇದೆ.

ನೀವೇ ಬರೆದಿದ್ದೀರ, ತಂಗಿ ಮುಂದೆ ಬಾಯಿ ಬಿಡ್ಬೇಡ ಅಂತ ಅವನಿಗೆ ಹೇಳಿದ್ದಾರೆ ಅಂತ. ಚಾಳಲ್ಲೋ ಒನ್ ರೂಮ್ ಕಿಚನಲ್ಲೋ ಇರೋ ಮನೇಲಿ ತಂಗಿ ಕಣ್ಣಿಗೆ ಬೀಳದ ಹಾಗೆ ಎಂಟು ವರ್ಷದ ಹುಡುಗ ಎಲ್ಲಿ ಹೋಗಿ ಅಳ್ಬೇಕು ಹೇಳಿ. ಅಪ್ಪ ಹೋದ ದುಃಖ ಒಂದು ಕಡೆ, ಅದನ್ನ ಮುಚ್ಚಿಡೋ ಕೆಲಸ ಇನ್ನೊಂದು ಕಡೆ, ಎರಡನ್ನೂ ಅವನ ತಲೆ ಮೇಲೇ ಹಾಕಿದ್ದಾರೆ. ದೊಡ್ಡವರು ಮಗು ಮೇಲಿನ ಪ್ರೀತಿಯಿಂದಲೇ ಹೀಗೆ ಮಾಡ್ತಾರೆ, ಅದು ನನಗೆ ಚೆನ್ನಾಗಿ ಗೊತ್ತು, ಹಾಗಾಗಿ ತಾಯಿ ಹತ್ರ ಮಾತಾಡುವಾಗ ನೀವು ತಪ್ಪು ಮಾಡಿದ್ರಿ ಅನ್ನೋ ಧಾಟಿ ಎಲ್ಲೂ ಬರ್ಬಾರ್ದು. ಆದ್ರೆ ಆ ಪುಟ್ಟ ಹುಡುಗಿಗೆ ಹೇಳ್ಲೇಬೇಕು, ಮತ್ತೆ ಬೇಗ ಹೇಳ್ಬೇಕು. ಮುಂಬಯಿಲಿ ಬೆಳೆಯೋ ನಮ್ಮ ಮಕ್ಕಳಿಗೆ ಊರು ಅಂದ್ರೆ ಹೋಗಿ ಬರೋ ಜಾಗ. ಪಪ್ಪ ಊರಲ್ಲಿದ್ದಾರೆ ಅಂದ್ರೆ ಅವಳು ಕಾಯ್ತಾನೇ ಇರ್ತಾಳೆ, ಮುಂದೆ ಅಮ್ಮ ಊರಿಗೆ ಹೋಗ್ತೀನಿ ಅಂದ್ರೂ ಹೆದರ್ಕೋತಾಳೆ. ಹೊರಗಿನಿಂದ ಗೊತ್ತಾದ್ರೆ ಇನ್ನೂ ಕಷ್ಟ, ವ್ಯಾನಲ್ಲಿ ಯಾವ ಮಗು ಬೇಕಾದ್ರೂ ಹೇಳ್ಬಿಡಬಹುದು.

ವಯಸ್ಸಿಗೆ ತಕ್ಕ ಹಾಗೆ ಮಕ್ಕಳಿಗೆ ಸಾವು ಅರ್ಥ ಆಗೋ ರೀತಿ ಬೇರೆ ಬೇರೆ. ಮಾರಿಯಾ ನಾಗಿ ಅನ್ನೋರು ಹಂಗೇರಿಯ ಮಕ್ಕಳ ಹತ್ರ ಇದನ್ನೇ ಮಾತಾಡಿಸಿ 1948ರಲ್ಲಿ ಪ್ರಕಟಿಸಿದ್ರು. ಐದು ವರ್ಷದ ಒಳಗಿನವರು ಸತ್ತವರು ಎಲ್ಲೋ ಹೋಗಿದ್ದಾರೆ, ತಿರುಗಿ ಬರ್ತಾರೆ ಅಂದ್ಕೋತಾರೆ, ಒಂಬತ್ತು ವರ್ಷದ ಹೊತ್ತಿಗೆ ಇದು ಎಲ್ಲರಿಗೂ ಬರೋದು, ತಪ್ಪಿಸೋಕಾಗಲ್ಲ ಅನ್ನೋದು ತಿಳಿಯತ್ತೆ ಅಂತ ಅವರು ಕಂಡ್ಕೊಂಡ್ರು. ಆಮೇಲಿನ ಕೆಲಸಗಳು ಐದರಿಂದ ಏಳು ವರ್ಷದ ಒಳಗೇ ಎಷ್ಟೋ ಮಕ್ಕಳಿಗೆ ಸತ್ತವರು ವಾಪಸ್ ಬರಲ್ಲ ಅನ್ನೋದು ಗೊತ್ತಾಗತ್ತೆ ಅಂತ ತೋರಿಸಿವೆ. ಅಂದ್ರೆ ನಿಮ್ಮ ಹುಡುಗನಿಗೆ ವಿಷಯ ಪೂರ್ತಿ ಗೊತ್ತು. ತಂಗಿಗೆ ಹೇಳಿದ ಮೇಲೂ ಹತ್ತು ಸಲ ಪಪ್ಪ ಯಾವಾಗ ಬರ್ತಾರೆ ಅಂತ ಕೇಳ್ತಾಳೆ, ಹತ್ತು ಸಲನೂ ಅದೇ ಉತ್ತರ ಕೊಡ್ಬೇಕು.

ಹೇಗೆ ಹೇಳೋದು ಅಂತ ತಾಯಿ ಕೇಳಿದ್ರೆ ಹೀಗೆ ಹೇಳ್ಕೊಡಿ: ಪುಟ್ಟಿ, ಪಪ್ಪನ ಹೃದಯಕ್ಕೆ ತುಂಬ ಹುಷಾರಿಲ್ಲದೆ ಆಯ್ತು, ಡಾಕ್ಟರ್ ಕೈಲೂ ಸರಿ ಮಾಡೋಕಾಗ್ಲಿಲ್ಲ, ಪಪ್ಪ ಸತ್ತು ಹೋದ್ರು. ಸತ್ತು ಹೋದ್ರು ಅಂದ್ರೆ ಅವರಿಗೆ ಇನ್ನು ಉಸಿರಾಡೋಕೆ, ಊಟ ಮಾಡೋಕೆ, ನಡಿಯೋಕೆ ಆಗಲ್ಲ, ನೋವೂ ಆಗಲ್ಲ, ಅವರು ವಾಪಸ್ ಬರೋಕಾಗಲ್ಲ. ನೀನೇನೂ ಮಾಡಿದ್ದಲ್ಲ, ಅಣ್ಣನೂ ಏನೂ ಮಾಡಿದ್ದಲ್ಲ. ಅಮ್ಮ ಇಲ್ಲೇ ಇದ್ದೀನಿ. ಇಷ್ಟೇ. ಸತ್ತು ಹೋದ್ರು ಅನ್ನೋ ಮಾತು ನಮ್ಮ ಕಿವಿಗೆ ಒರಟು, ಮಗುವಿಗೆ ಮಾತ್ರ ಅದೇ ಸ್ಪಷ್ಟ. ಮಲ್ಕೊಂಡಿದ್ದಾರೆ ಅಂತ ಮಾತ್ರ ಯಾವತ್ತೂ ಬೇಡ, ಅದನ್ನ ಕೇಳಿದ ಮಕ್ಕಳು ರಾತ್ರಿ ಕಣ್ಣು ಮುಚ್ಚೋಕೇ ಹೆದರೋದನ್ನ ನಾನು ನೋಡಿದ್ದೀನಿ. ನೀನೇನೂ ಮಾಡಿದ್ದಲ್ಲ ಅನ್ನೋ ಮಾತು ಹುಡುಗನಿಗೂ ಬೇಕು, ಬಿಡ್ಬೇಡಿ. ಈ ವಯಸ್ಸಲ್ಲಿ ಮಕ್ಕಳು ಹಿಂದಿನ ದಿನ ಪಪ್ಪನ ಮೇಲೆ ಸಿಟ್ಟು ಮಾಡ್ಕೊಂಡೆ, ಅದಕ್ಕೇ ಹೀಗಾಯ್ತು ಅಂತ ಒಳಗೊಳಗೇ ಅಂದ್ಕೊಂಡಿರ್ತಾರೆ, ಕೇಳಿದ್ರೆ ಹೇಳಲ್ಲ.

ಆಡೋದು ನಗೋದು ನೋಡಿ ಗಾಬರಿ ಬೇಡ. ಮಕ್ಕಳು ದುಃಖವನ್ನ ಒಂದೇ ಸಲಕ್ಕೆ ತುಂಬ ಹೊತ್ತು ತಡ್ಕೊಳ್ಳಲ್ಲ, ಹತ್ತು ನಿಮಿಷ ಅತ್ತು ಆಮೇಲೆ ಕ್ರಿಕೆಟ್ ಆಡ್ತಾರೆ, ರಾತ್ರಿ ಮತ್ತೆ ಅಳ್ತಾರೆ. ದೊಡ್ಡವರೂ ಹೀಗೇ ದುಃಖದ ಕಡೆ ಒಂದು ಸಲ, ದಿನದ ಕೆಲಸದ ಕಡೆ ಒಂದು ಸಲ ಹೋಗಿ ಬರ್ತಿರ್ತಾರೆ, ಹಾಗೆ ಹೋಗಿ ಬರೋದೇ ಆರೋಗ್ಯ ಅಂತ ನೆದರ್‌ಲ್ಯಾಂಡ್ಸ್‌ನ ಸ್ಟ್ರೋಬೆ ಮತ್ತು ಶುಟ್ 1999ರಲ್ಲಿ ಬರೆದ್ರು. ನೀವು ಬಿಎಡ್‌ನಲ್ಲಿ ಓದಿದ ಐದು ಹಂತ ಎಲಿಸಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಹೇಳಿದ್ದು. ಅವರು ಮಾತಾಡಿಸಿದ್ದು ಸಾಯೋ ಸ್ಥಿತಿಯಲ್ಲಿದ್ದ ರೋಗಿಗಳನ್ನ, ಅಪ್ಪನ್ನ ಕಳ್ಕೊಂಡ ಮಕ್ಕಳನ್ನಲ್ಲ. ಹಾಗಾಗಿ ಅದನ್ನ ಹಿಡ್ಕೊಂಡು ಇವನು ಈಗ ಯಾವ ಹಂತದಲ್ಲಿದ್ದಾನೆ ಅಂತ ಹುಡುಕೋದು ಬೇಡ.

ಯಾವಾಗ ಡಾಕ್ಟರ್ ಹತ್ರ ಕಳಿಸ್ಬೇಕು ಅಂದ್ರೆ, ನಾನೂ ಪಪ್ಪನ ಹತ್ರ ಹೋಗ್ತೀನಿ ಅನ್ನೋ ಥರ ಮಾತು ಬಂದ್ರೆ ಅವತ್ತೇ. ವಾರಗಟ್ಟಲೆ ಊಟ ನಿದ್ದೆ ಬಿಟ್ರೆ, ಸ್ನೇಹಿತರನ್ನ ಪೂರ್ತಿ ಬಿಟ್ರೆ, ಬಿಟ್ಟು ಹೋಗಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಶುರುವಾಗಿ ನಿಲ್ಲದೇ ಇದ್ರೆ ತೋರಿಸಿ. ಆರು ತಿಂಗಳು ಕಳೆದ ಮೇಲೂ ದುಃಖ ಹೆಚ್ಚು ಕಮ್ಮಿ ಪ್ರತಿದಿನ ಮೊದಲಷ್ಟೇ ತೀವ್ರವಾಗಿದ್ದು ಶಾಲೆ, ಆಟ, ಊಟ ಯಾವುದೂ ನಡೀತಿಲ್ಲ ಅಂದ್ರೆ ಅದಕ್ಕೆ ಈಗ ಚಿಕಿತ್ಸೆ ಇದೆ. ದುಡ್ಡಿನ ತೊಂದ್ರೆ ಇರೋರಿಗೆ ಸರ್ಕಾರದ ಟೆಲಿ ಮಾನಸ್ ಇದೆ, 14416, 2022ರ ಅಕ್ಟೋಬರಲ್ಲಿ ಶುರುವಾಗಿದ್ದು, ಇಪ್ಪತ್ನಾಲ್ಕು ಗಂಟೆನೂ ಇರತ್ತೆ, ಫ್ರೀ, ಕನ್ನಡದಲ್ಲೂ ಮಾತಾಡಬಹುದು. ತಾಯಿಗೂ ಆ ನಂಬರ್ ಕೊಡಿ, ಅವರಿಗೇ ಮೊದಲು ಬೇಕಾಗಬಹುದು.


ಮೀರಾ ರೋಡ್ ಅಮ್ಮ:

ನಾನು ಟೀಚರ್ ಅಲ್ಲ. 2021ರ ಏಪ್ರಿಲಲ್ಲಿ ಕೋವಿಡಲ್ಲಿ ನನ್ನ ಯಜಮಾನ್ರು ಹೋದ್ರು, ಆಗ ಮಗಳು ಎರಡನೇ ಕ್ಲಾಸು, ಸ್ಕೂಲು ಮೊಬೈಲಲ್ಲಿ ನಡೀತಿತ್ತು. ತಾಯಿ ಕಡೆಯಿಂದ ಒಂದೆರಡು ಮಾತು ಹೇಳ್ತೀನಿ.

ಹಾಜರಿ ವಿಷಯ ಯಾರೂ ಹೇಳ್ಲಿಲ್ಲ. ಮಹಾರಾಷ್ಟ್ರದಲ್ಲಿ ಮಗು ಹೆಸರಿನ ನಡುವೆ ಅಪ್ಪನ ಹೆಸರು ಇರತ್ತಲ್ಲ, ದಿನಾ ಬೆಳಿಗ್ಗೆ ಹಾಜರಿ ಕೂಗುವಾಗ ಆ ಹೆಸರು ಕೇಳ್ಬೇಕು. ನನ್ನ ಮಗಳ ಟೀಚರ್ ನೋವಾಗ್ಬಾರ್ದು ಅಂತ ಅಪ್ಪನ ಹೆಸರು ಬಿಟ್ಟು ಕೂಗೋಕೆ ಶುರು ಮಾಡಿದ್ರು, ಒಳ್ಳೆ ಮನಸ್ಸಿಂದಲೇ ಮಾಡಿದ್ದು. ಆದ್ರೆ ನನ್ನ ಮಗಳು ಮೈಕ್ ಆನ್ ಮಾಡಿ, ಟೀಚರ್ ನನ್ನ ಪಪ್ಪನ ಹೆಸರು ಯಾಕೆ ಬಿಟ್ರಿ, ಎಲ್ಲರದ್ದೂ ಹೇಳ್ತೀರಲ್ಲ ಅಂದ್ಲು. ಪಕ್ಕದಲ್ಲಿ ಕೂತಿದ್ದ ನಾನು ಅಡುಗೆ ಮನೆಗೆ ಎದ್ದು ಹೋದೆ. ಇನ್ನೊಂದು ಮಗು ಬೇಡ ಅನ್ನಬಹುದು. ಹಾಗಾಗಿ ಅವನನ್ನೇ ಕೇಳಿ ಟೀಚರ್, ನಿನ್ನ ಹೆಸರು ಹೇಗೆ ಕೂಗ್ಲಿ ಅಂತ.

ಆ ತಾಯಿಗೆ ದಯವಿಟ್ಟು ಧೈರ್ಯ ತಗೊಳ್ಳಿ ಅಂತ ಮಾತ್ರ ಹೇಳ್ಬೇಡಿ. ಆ ಮಾತು ನಾನು ಎಷ್ಟು ಸಲ ಕೇಳಿದ್ದೀನೋ ದೇವರಿಗೇ ಗೊತ್ತು, ಎಲ್ಲಿಂದ ತಗೊಳ್ಳೋದು ಅಂತ ಯಾರೂ ಹೇಳ್ಲಿಲ್ಲ. ನನಗೆ ಉಸಿರಾಡೋ ಹಾಗೆ ಮಾಡಿದ್ದು ಮೂರನೇ ಕ್ಲಾಸಿನ ಒಬ್ಬ ಟೀಚರ್, ಅಷ್ಟೊತ್ತಿಗೆ ಸ್ಕೂಲು ಮತ್ತೆ ತೆರೆದಿತ್ತು. ಪ್ರತಿ ಶುಕ್ರವಾರ ಎರಡು ಸಾಲು ಮೆಸೇಜ್ ಹಾಕ್ತಿದ್ರು. ಇವತ್ತು ಡಬ್ಬ ಪೂರ್ತಿ ತಿಂದ್ಲು. ಭಾಗಾಕಾರ ಬಂತು. ಬುಧವಾರ ಸ್ವಲ್ಪ ಹೊತ್ತು ಸುಮ್ಮನಿದ್ಲು, ಆಮೇಲೆ ಸರಿಯಾದ್ಲು. ಇಷ್ಟೇ. ಕೆಲಸಕ್ಕೆ ಹೋಗೋಕೆ ಶುರು ಮಾಡಿದ್ದೆ, ಲೋಕಲಲ್ಲಿ ನಿಂತ್ಕೊಂಡು ಅದನ್ನ ಓದ್ತಿದ್ದೆ, ನಾನಿಲ್ಲದ ಹೊತ್ತಲ್ಲಿ ನನ್ನ ಮಗಳನ್ನ ಯಾರೋ ನೋಡ್ತಿದ್ದಾರೆ ಅನ್ನೋದು ಗೊತ್ತಾಗ್ತಿತ್ತು. ಓಪನ್ ಹೌಸ್ ದಿನ ನನಗೆ ಕೊನೇ ಟೈಮ್ ಕೊಡ್ತಿದ್ರು, ಜೋಡಿ ಜೋಡಿಯಾಗಿ ಬಂದಿರೋ ಅಪ್ಪ ಅಮ್ಮಂದಿರ ಲೈನಲ್ಲಿ ನಿಲ್ಲೋದು ತಪ್ತಿತ್ತು.

ನಮ್ಮ ಮನೇಲಿ ನೆಂಟರು ಮಗಳಿಗೆ, ಅಮ್ಮನ ಮುಂದೆ ಅಳ್ಬೇಡ ಅಮ್ಮನಿಗೆ ಇನ್ನೂ ಬೇಜಾರಾಗತ್ತೆ ಅಂದಿದ್ರು, ನನಗೂ ಮಗು ಮುಂದೆ ಅಳ್ಬೇಡ ಅಂದಿದ್ರು. ತಿಂಗಳುಗಟ್ಟಲೆ ಅವಳು ಬಾತ್‌ರೂಮಲ್ಲಿ, ನಾನು ಅಡುಗೆ ಮನೇಲಿ. ನಿಮ್ಮ ಹುಡುಗನಿಗೂ ಖಂಡಿತ ಯಾರೋ ಹೇಳಿರ್ತಾರೆ, ಇನ್ನು ಮನೆಗೆ ನೀನೇ ಗಂಡಸು ಅಂತ. ಅವನು ಎಂಟು ವರ್ಷದ ಮಗು. ಅವನಿಗೆ ಯಾರಾದ್ರೂ ಒಬ್ಬರು ಹೇಳ್ಬೇಕು, ಮನೆ ನೋಡ್ಕೊಳ್ಳೋಕೆ ಅಮ್ಮ ಇದ್ದಾರೆ, ಚಿಕ್ಕಪ್ಪ ಇದ್ದಾರೆ, ನೀನು ಮೂರನೇ ಕ್ಲಾಸ್ ಓದು, ಸಾಕು ಅಂತ. ನೀವೇ ಹೇಳಿ ಟೀಚರ್, ನೀವು ಹೇಳಿದ್ರೆ ನಂಬ್ತಾನೆ.


ವಾಸ್ಕೋ ಸರ್:

ನಾನು ಗೋವಾದಾಗ ವಾಸ್ಕೋ ಕಡೆ ಮಾಸ್ತರ್ ಅದೀನ್ರಿ. ನಮ್ಮ ಸಾಲ್ಯಾಗ ಬಾಗಲಕೋಟಿ, ಗದಗ, ಕೊಪ್ಪಳ ಕಡಿಂದ ದುಡಿಯಾಕ ಬಂದವರ ಮಕ್ಕಳ ಭಾಳ. ಮ್ಯಾಲೆ ಎಲ್ಲಾರೂ ಛಲೋ ಬರ್ದಾರ, ನಮ್ಮ ಕಡೆ ಕಥಿ ಒಂಚೂರು ಬ್ಯಾರೆ ಐತಿ ಅದಕ್ಕ ಬರ್ಯಾಕತ್ತೀನಿ.

ಇಲ್ಲಿ ಅಪ್ಪ ಸತ್ತ ಅಂದ್ರ ಊರಿಗೆ ಒಯ್ದು ಮಣ್ಣು ಕೊಟ್ಟು ಬರ್ತಾರ, ಬಂದು ತಿಂಗಳೊಪ್ಪತ್ತಿನ್ಯಾಗ ತಾಯಿ ಸಾಲಿಗೆ ಬಂದು ಟಿಸಿ ಕೊಡ್ರಿ ಸರ್ ಅಂತಾಳ. ಖೋಲಿ ಬಾಡಿಗಿ ಕಟ್ಟಾಕ ಆಗಂಗಿಲ್ಲ, ಹುಡುಗರನ್ನ ಊರಾಗ ಆಯಿ, ಅಂದ್ರ ಅಜ್ಜಿ ಹತ್ರ ಬಿಟ್ಟು ತಾನೊಬ್ಬಾಕಿ ಇಲ್ಲೆ ದುಡೀತಾಳ. ವಿಚಾರ ಮಾಡ್ರಿ, ಆ ಕೂಸಿಗೆ ಅಪ್ಪ ಹೋದ, ಅದರ ಬೆನ್ನಿಗೇ ತಾಯಿ ದೂರಾದ್ಲು, ಸಾಲಿ ಹೋತು, ಗೆಳ್ಯಾರು ಹೋದ್ರು. ಅದಕ್ಕ ನಾನು ಟಿಸಿ ಬರಿಯೂಮುಂದ ತಾಯಿಗೆ ಒಂದ ಕೇಳ್ತೀನಿ, ಪರೀಕ್ಷಾ ಮುಗಿಯೂತನಕ ಇಲ್ಲೆ ಇಟ್ಕೊಳ್ಳಾಕ ಏನರ ದಾರಿ ಐತೇನು ಅಂತ. ಇಲ್ಲ ಅಂದ್ರ ಒತ್ತಾಯ ಮಾಡಂಗಿಲ್ಲ, ಆಕಿ ಹೊಟ್ಟಿಪಾಡು ಆಕಿಗೆ ಗೊತ್ತು. ಆದ್ರ ಊರಿನ ಸಾಲಿ ಯಾವ್ದು ಅಂತ ಕೇಳಿ ಅಲ್ಲಿ ಮಾಸ್ತರಿಗೆ ಫೋನ್ ಮಾಡಿ ಹೇಳ್ತೀನಿ, ಈ ಹುಡುಗನ ಅಪ್ಪ ಇಂಥಾ ದಿವಸ ಹೋಗ್ಯಾನ, ಲೆಕ್ಕದಾಗ ಛಲೋ ಅದಾನ, ಸುಮ್ಮ ಕುಂತ್ರ ದಡ್ಡ ಅನಕೋಬ್ಯಾಡ್ರಿ ಅಂತ. ಹೋಗೂ ದಿವಸ ಕ್ಲಾಸಿನ ಹುಡುಗರು ಎಲ್ಲಾರೂ ಒಂದ ನೋಟ್‌ಬುಕ್ಕಿನ್ಯಾಗ ಚಿತ್ರ ತಗದು ಕೊಡ್ತಾರ.

ಗೋವಾ ಸರ್ಕಾರದ್ದು ವಿಧವಾ ಹೆಣ್ಮಕ್ಕಳಿಗೆ ದಯಾನಂದ ಸಾಮಾಜಿಕ ಭದ್ರತಾ ಯೋಜನೆ ಐತ್ರಿ, ಆದ್ರ 15 ವರ್ಷ ಗೋವಾದಾಗ ಇದ್ದದ್ದಕ್ಕ ದಾಖಲೆ ಬೇಕು, ನಮ್ಮ ಮಂದಿ ಭಾಳಷ್ಟು ಮಂದಿ ಅಲ್ಲೇ ಬಿದ್ದು ಹೋಗ್ತಾರ. ಇದ್ದವರು ಬಿಡಬ್ಯಾಡ್ರಿ, ಅರ್ಜಿ ಬರ್ದು ಕೊಡಾಕ ಮಾಸ್ತರಾದವರು ಕೈ ಜೋಡಸ್ರಿ.


ಠಾಣೆ ಭಟ್ರು:

ಎಲ್ಲರ ಮಾತೂ ಓದಿದೆ. ಕೌನ್ಸೆಲರ್ ಅವರಿಗೆ ಒಂದು ಪ್ರಶ್ನೆ. ಅಪ್ಪ ದೇವರ ಹತ್ರ ಹೋಗಿದ್ದಾರೆ ಅಂತ ನಾವು ತಲೆಮಾರುಗಳಿಂದ ಮಕ್ಕಳಿಗೆ ಹೇಳ್ತಾ ಬಂದಿದ್ದೀವಿ, ಅದರಿಂದ ಎಷ್ಟೋ ಮನೆಗಳಿಗೆ ಸಮಾಧಾನ ಸಿಕ್ಕಿದೆ. ಉಸಿರಾಡಲ್ಲ, ಊಟ ಮಾಡಲ್ಲ ಅಂತ ನಾಲ್ಕು ವರ್ಷದ ಕೂಸಿಗೆ ಹೇಳೋದು ನನಗೆ ತುಂಬ ಕಠಿಣ ಅನ್ಸತ್ತೆ. ಶ್ರಾದ್ಧ ಮಾಡೋದು, ಕಾಗೆಗೆ ಅನ್ನ ಇಡೋದು, ಇವೆಲ್ಲ ಹೋದವರ ಜೊತೆ ಸಂಬಂಧ ಉಳಿಸ್ಕೊಳ್ಳೋಕೇ ಅಲ್ವಾ?


ಪುಣೆ ಕೌನ್ಸೆಲರ್:

ಭಟ್ರೇ, ಖಂಡಿತ ಹೌದು, ಅದನ್ನ ಬಿಡಿ ಅಂತ ನಾನು ಹೇಳ್ತಿಲ್ಲ. ಹೋದವರ ಜೊತೆ ನಂಟು ಇಟ್ಕೊಂಡಿರೋದು ಒಳ್ಳೇದು ಅಂತ ಈಗಿನ ತಜ್ಞರೂ ಹೇಳ್ತಾರೆ, ಮುಂಚೆ ಮರೆತು ಮುಂದೆ ಹೋಗಿ ಅಂತಿದ್ರು. ನಾನು ಹೇಳೋದು ಯಾವುದು ಮೊದಲು ಅನ್ನೋದರ ಬಗ್ಗೆ ಮಾತ್ರ. ಪಪ್ಪ ಸತ್ತು ಹೋದ್ರು, ವಾಪಸ್ ಬರಲ್ಲ ಅನ್ನೋದು ಮೊದಲು ಗೊತ್ತಾಗ್ಲಿ, ಆಮೇಲೆ ನಮ್ಮ ನಂಬಿಕೆ ಪ್ರಕಾರ ಅವರು ದೇವರ ಹತ್ರ ಇದ್ದಾರೆ ಅಂತ ಹೇಳಿ. ದೇವರು ಕರ್ಕೊಂಡು ಹೋದ ಅಂತ ಅಷ್ಟೇ ಹೇಳಿದ್ರೆ ಎಷ್ಟೋ ಮಕ್ಕಳು ದೇವರ ಕೋಣೆಗೇ ಹೋಗಲ್ಲ, ನಾಳೆ ಅಮ್ಮನ್ನೂ ಕರ್ಕೊಂಡು ಹೋಗ್ತಾನೆ ಅಂತ ಹೆದರ್ತಾರೆ. ಮತ್ತೆ ಟೀಚರ್ ಆದವರು ಮನೆಯವರು ಏನು ನಂಬ್ತಾರೆ ಅಂತ ಕೇಳ್ಕೊಂಡು ಅದನ್ನೇ ಹೇಳ್ಬೇಕು. ಕ್ಲಾಸಲ್ಲಿ ಬೇರೆ ಬೇರೆ ಧರ್ಮದ ಮಕ್ಕಳಿರ್ತಾರೆ.

ಶ್ರಾದ್ಧದ ದಿನ ಮಗುವಿಗೂ ಒಂದು ಸಣ್ಣ ಕೆಲಸ ಕೊಡಿ, ಎಲೆ ಹಾಕೋದೋ ಹೂವು ಇಡೋದೋ.


ಡೊಂಬಿವಲಿ ಟೀಚರ್:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಯೂನಿಟ್ ಟೆಸ್ಟ್ ಮುಗೀತು, ಈಗ ಬರೀತಿದ್ದೀನಿ.

ಕ್ಲಾಸಿಗೆ ಹೇಳಿದೆ. ಅವನು ಇರ್ತೀನಿ ಅಂದ, ತಲೆ ತಗ್ಗಿಸ್ಕೊಂಡು ಕೂತಿದ್ದ. ಟೋಪಿ ಎಳೆದ ಹುಡುಗ ರಿಸೆಸಲ್ಲಿ ತಾನೇ ಬಂದು ತನ್ನ ವೇಫರ್ ಪ್ಯಾಕೆಟ್ ಮುಂದೆ ಹಿಡಿದ, ನಾನು ಏನೂ ಹೇಳಿರ್ಲಿಲ್ಲ. ಹಾಜರಿ ಬಗ್ಗೆ ಕೇಳಿದ್ದಕ್ಕೆ ಪೂರ್ತಿ ಹೆಸರೇ ಹೇಳಿ ಟೀಚರ್ ಅಂದ. ತಾಯಿ ಜೊತೆ ಶನಿವಾರ ತುಂಬ ಹೊತ್ತು ಕೂತು ಮಾತಾಡಿದೆ, ಮೊದಲು ಒಪ್ಪಲಿಲ್ಲ, ನನ್ನ ಬಾಯಲ್ಲಿ ಆ ಮಾತು ಬರಲ್ಲ ಟೀಚರ್ ಅಂದ್ರು. ಮಾರನೇ ವಾರ ಅವರ ತಮ್ಮ ಬಂದಾಗ ಇಬ್ಬರೂ ಸೇರಿ ತಂಗಿಗೆ ಹೇಳಿದ್ರಂತೆ. ಆ ಮಗು ಸುಮ್ಮನೆ ಕೇಳಿಸ್ಕೊಂಡು, ಹಾಗಾದ್ರೆ ಪಪ್ಪನ ಮೊಬೈಲ್ ಯಾರಿಗೆ ಅಂತ ಕೇಳ್ತಂತೆ. ಆಮೇಲೆ ದಿನಾ ಕೇಳ್ತಾಳೆ, ಯಾವಾಗ ಬರ್ತಾರೆ ಅಂತ, ಅಣ್ಣನೇ ಉತ್ತರ ಹೇಳ್ತಾನಂತೆ. ಅವನು ಇನ್ನೂ ಜೋರಾಗಿ ಅತ್ತಿಲ್ಲ. ಆದ್ರೆ ಈಗ ಅಪ್ಪನ ಬಗ್ಗೆ ಮಾತಾಡ್ತಾನೆ, ನಮ್ಮ ಪಪ್ಪ ದೋಸೆ ಕಲ್ಲಿಗೆ ಈರುಳ್ಳಿ ಉಜ್ಜುತಿದ್ರು ಅಂತ ಡ್ರಾಯಿಂಗ್ ಕ್ಲಾಸಲ್ಲಿ ಹೇಳಿದ್ನಂತೆ. ಗಣಿತದಲ್ಲಿ ಮಾರ್ಕ್ಸ್ ತುಂಬ ಕಮ್ಮಿ ಬಂದಿದೆ, ಅದನ್ನ ಸದ್ಯಕ್ಕೆ ನಾನು ದೊಡ್ಡದು ಮಾಡ್ತಿಲ್ಲ.

ಇನ್ನೆರಡು ಕೇಳ್ಬೇಕು. ಗಣಪತಿ ಬಂತು, ಅವರ ಮನೇಲಿ ಈ ವರ್ಷ ಹಬ್ಬ ಇಲ್ಲ. ಇಡೀ ಕ್ಲಾಸು ಅದನ್ನೇ ಮಾತಾಡತ್ತೆ. ಮತ್ತೆ ತಾಯಿಗೆ ದುಡ್ಡಿನ ಸಹಾಯ ಏನಾದ್ರೂ ಇದೆಯಾ, ಒಂದು ಆಫೀಸಲ್ಲಿ ಕೆಲಸ ಸಿಕ್ಕಿದೆ, ಸಂಬಳ ತೀರಾ ಕಮ್ಮಿ.


ಮಾಟುಂಗಾ ಮೇಡಂ:

ನಮ್ಮ ಮನೆ ಗಣಪತಿ ಅಂತ ನಿಬಂಧ ಬರೆಸ್ತೀರಲ್ಲ, ಈ ಸಲ ಎಲ್ಲರಿಗೂ ಮೂರು ವಿಷಯ ಕೊಡಿ, ಮಳೆಗಾಲ, ನನ್ನ ಗೆಳೆಯ, ಗಣಪತಿ, ಯಾವುದಾದ್ರೂ ಒಂದು ಬರೀರಿ ಅಂತ. ಅವನೊಬ್ಬನಿಗೆ ಬೇರೆ ಕೊಡ್ಬೇಡಿ. ಸ್ಕೂಲಲ್ಲಿ ಆರತಿ ಇದ್ರೆ ಬರ್ತೀಯಾ ಅಂತ ಮುಂಚೆ ಮನೇಲಿ ಕೇಳಿ. ದೀಪಾವಳಿಗೂ ಇದೇ.

ಇನ್ನೊಂದು ಈಗಲೇ ಮನಸ್ಸಲ್ಲಿಟ್ಕೊಳ್ಳಿ. ಅಮೆರಿಕದಲ್ಲಿ ವೋರ್ಡನ್ ಮತ್ತು ಸಿಲ್ವರ್‌ಮನ್ ಅಪ್ಪನೋ ಅಮ್ಮನೋ ಹೋದ 125 ಮಕ್ಕಳನ್ನ ಎರಡು ವರ್ಷ ಹಿಂಬಾಲಿಸಿ ನೋಡಿದ್ರು ಅಂತ ಒಂದು ತರಬೇತಿಯಲ್ಲಿ ನಮಗೆ ಹೇಳಿದ್ರು. ಕೆಲವು ಮಕ್ಕಳಿಗೆ ತೊಂದ್ರೆ ಕಾಣಿಸಿದ್ದೇ ಎರಡನೇ ವರ್ಷದಲ್ಲಂತೆ, ಮತ್ತೆ ಮಗು ಹೇಗಿರತ್ತೆ ಅನ್ನೋದು ಉಳಿದ ತಾಯಿಯೋ ತಂದೆಯೋ ಹೇಗಿದ್ದಾರೆ ಅನ್ನೋದರ ಮೇಲೇ ಎಲ್ಲಕ್ಕಿಂತ ಹೆಚ್ಚು ನಿಂತಿತ್ತಂತೆ. ಜೂನಲ್ಲಿ ಅವನು ನಾಲ್ಕನೇ ಕ್ಲಾಸಿಗೆ ಹೋಗ್ತಾನೆ, ಅದೇ ತಿಂಗಳು ವರ್ಷಾಂತಿಕ ಬರತ್ತೆ, ಹೊಸ ಟೀಚರಿಗೆ ಏನೂ ಗೊತ್ತಿರಲ್ಲ. ಒಂದು ಹಾಳೆ ಬರೆದು ಕೊಡಿ, ತಾರೀಕು, ಹಾಜರಿ ಹೇಗೆ ಕೂಗ್ಬೇಕು, ಗುರುತು ಏನು, ತಾಯಿಗೆ ಯಾವ ಹೊತ್ತಲ್ಲಿ ಫೋನ್ ಮಾಡಬಹುದು, ಎಲ್ಲ.


ಮೀರಾ ರೋಡ್ ಅಮ್ಮ:

ಟೀಚರ್, ಮಹಾರಾಷ್ಟ್ರ ಸರ್ಕಾರದ ಬಾಲ ಸಂಗೋಪನ ಯೋಜನೆ ಇದೆ, ಕ್ರಾಂತಿಜ್ಯೋತಿ ಸಾವಿತ್ರಿಬಾಯಿ ಫುಲೆ ಹೆಸರಲ್ಲಿ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಕ್ಕಳಿಗಷ್ಟೇ ಅಂತ ತುಂಬ ಜನ ಅಂದ್ಕೊಂಡಿದ್ದಾರೆ, ಹಾಗಲ್ಲ, ಒಬ್ಬರು ಹೋಗಿ ಮನೆ ನಡೆಸೋದು ಕಷ್ಟ ಆದವರಿಗೂ ಸಿಗತ್ತೆ. 18 ವರ್ಷದವರೆಗೆ, 2023ರಲ್ಲಿ ತಿಂಗಳಿಗೆ 1100 ಇದ್ದಿದ್ದನ್ನ 2250 ರೂಪಾಯಿ ಮಾಡಿದ್ರು. ಜಿಲ್ಲೆಯ ಮಹಿಳಾ ಮತ್ತು ಬಾಲ ವಿಕಾಸ ಆಫೀಸಲ್ಲಿ ಅರ್ಜಿ ಕೊಡ್ಬೇಕು, ಆಮೇಲೆ ಮನೆ ನೋಡೋಕೆ ಬರ್ತಾರೆ, ಬಾಲ ಕಲ್ಯಾಣ ಸಮಿತಿ ಮುಂದೆ ಮಗುವನ್ನ ಕರ್ಕೊಂಡು ಹೋಗ್ಬೇಕು. ದುಡ್ಡು ಬರೋಕೆ ತಡ ಆಗತ್ತೆ, ಆದ್ರೂ ಹಾಕ್ಲಿ.

ಡೆತ್ ಸರ್ಟಿಫಿಕೇಟ್, ಆದಾಯದ ದಾಖಲೆ, ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೋ ಇವೆಲ್ಲ ಅವರು ಹೊಂದಿಸ್ಕೋತಾರೆ. ಸ್ಕೂಲಿನ ಬೋನಾಫೈಡ್, ಅಂದ್ರೆ ಮಗು ಇಲ್ಲೇ ಓದ್ತಿದೆ ಅನ್ನೋ ಪತ್ರ ಮಾತ್ರ ನೀವೇ ಆಫೀಸಲ್ಲಿ ಹೇಳಿ ಇಬ್ಬರು ಮಕ್ಕಳದ್ದೂ ಎರಡೆರಡು ಕಾಪಿ ಮಾಡಿಸಿ ಕೈಗೆ ಕೊಡಿ, ಅದಕ್ಕೋಸ್ಕರ ಅವರು ಇನ್ನೊಂದು ದಿನ ರಜೆ ಹಾಕೋದು ತಪ್ಪತ್ತೆ. ಡೆತ್ ಸರ್ಟಿಫಿಕೇಟಲ್ಲಿ ಇರೋ ಅಪ್ಪನ ಹೆಸರಿನ ಸ್ಪೆಲ್ಲಿಂಗೂ ಸ್ಕೂಲ್ ರಿಜಿಸ್ಟರಲ್ಲಿ ಇರೋದೂ ಒಂದೇನಾ ಅಂತ ಕೊಡೋ ಮುಂಚೆ ನೋಡಿ, ನಮ್ಮದು ಒಂದು ಅಕ್ಷರಕ್ಕೇ ವಾಪಸ್ ಬಂದಿತ್ತು.